ಮನೆಯೊಳಗೆ ಮಾತ್ರ ಮೆಟ್ಟತಕ್ಕ ಶೂ

ತಾನು ತೊಡುವ ಅಂಗಿಯನ್ನು, ಮೆಟ್ಟುವ ಶೂವನ್ನು ಯಾರು ಹೊಲಿದರೆಂದು ಮನುಷ್ಯನಾದವನು ತಿಳಿದಿರಬೇಕು; ತಿಳಿಯದೆ ತೊಡುವುದು ಒಂದು ಬಗೆಯ ಕುರುಡುತನ. ಇಷ್ಟು ಘನವಾದ ಮಾತು ನನಗೆ ಹೊಳೆಯುವಂಥದ್ದಲ್ಲ. ಆಸ್ಟಿನ್‌ನಲ್ಲಿ ಓದುತ್ತಿದ್ದ ನನ್ನ ಮಗಳು ಅನಘಾ ಹೇಳಿದ್ದು. ನಾನು ಐವತ್ತಾರು ವರ್ಷಗಳಿಂದ ಬನಿಯನ್ ತೊಡುತ್ತಿದ್ದೇನೆ. ಅದನ್ನು ಹೊಲಿದವರ ಬಗ್ಗೆ ಒಂದು ದಿನವೂ ಯೋಚಿಸಿದವನಲ್ಲ. ಅವರೂ ನನ್ನ ಬಗ್ಗೆ ಯೋಚಿಸಿರಲಾರರು ಎಂಬ ನಂಬಿಕೆಯಲ್ಲಿ ಇಬ್ಬರೂ ಸುಖವಾಗಿದ್ದೆವು.

ಅನಘಾ ಒಂದು ಸೆಮಿಸ್ಟರ್ ಪೋರ್ಚುಗಲ್‌ಗೆ ಹೋಗಿಬಂದಳು. ಬೇರೆ ಮಕ್ಕಳು ಅಲ್ಲಿಂದ ಚಾಕೊಲೇಟ್ ತರುತ್ತಾರೆ, ಇವಳು ಒಂದು ಸಿದ್ಧಾಂತ ತಂದಳು. ಬಟ್ಟೆಯಾಗಲಿ ಶೂವಾಗಲಿ, ಯಾವ ಊರಿನ ಹೆಸರು ಹೇಳಿಕೊಂಡು ಮಾರುತ್ತಾರೋ ಆ ಊರಿನಲ್ಲೇ ಹೊಲಿದಿರಬೇಕು. ಮೇ ತಿಂಗಳಲ್ಲಿ ಅವಳ ಗ್ರಾಜುಯೇಶನ್. ಏನು ಉಡುಗೊರೆ ಬೇಕಮ್ಮಾ ಎಂದು ಫೋನಿನಲ್ಲಿ ಕೇಳಿದೆ. "ನಥಿಂಗ್ ಫಾರ್ ಮಿ, ಅಪ್ಪ. ಆವತ್ತು ನಿನ್ನ ಕಾಲಲ್ಲಿ ಒಂದು ಆನೆಸ್ಟ್ ಶೂ ಇರ್ಬೇಕು, ಅಷ್ಟೇ" ಎಂದಳು. ನಾಲ್ಕು ವರ್ಷದಲ್ಲಿ ಅವಳು ನನ್ನಿಂದ ಫೋನ್ ಚಾರ್ಜರ್ ಬಿಟ್ಟು ಬೇರೇನನ್ನೂ ಕೇಳಿದವಳಲ್ಲ. ಹೂಂ ಎಂದೆ.

ಆಮೇಲೆ ಮೂರು ವಾರ ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ನಮ್ಮ ಮನೆಯ ಊಟದ ಮೇಜು ಯುರೋಪಿನ ಭೂಪಟವಾಯಿತು. ಇಟಲಿಯ ಹೆಸರಿನ ಶೂ ಸಿಕ್ಕಿತು. ಫೋಟೋದಲ್ಲಿ ಒಬ್ಬ ಮುದುಕ ಸುತ್ತಿಗೆ ಹಿಡಿದು ಕೂತಿದ್ದ. ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದರೆ ಇಟಲಿಯಲ್ಲಿ ಬರೆದದ್ದು ಶೂವಿನ ಚಿತ್ರ ಮಾತ್ರ, ಹೊಲಿದದ್ದು ಇನ್ನೆಲ್ಲೋ. "ಡಿಸೈನ್ಡ್ ದೇರ್ ಡಸಂಟ್ ಕೌಂಟ್, ಅಪ್ಪ" ಎಂದಳು ಅನಘಾ ಫೋನಿನಲ್ಲಿ. ಸ್ವೀಡನ್ನಿನದೊಂದು ನಿಜವಾಗಿ ಸ್ವೀಡನ್ನಿನಲ್ಲೇ ಹೊಲಿದದ್ದು, ಒಳಗೆ ಕುರಿಯ ಉಣ್ಣೆ. ಹ್ಯೂಸ್ಟನ್ನಿನ ಸೆಕೆಯಲ್ಲಿ ಆ ಶೂ ಮೆಟ್ಟಿದರೆ ಕಾಲನ್ನು ಕುಕ್ಕರಿನಲ್ಲಿ ಇಟ್ಟ ಹಾಗೆ. ಕೊನೆಗೆ ಪೋರ್ಚುಗಲ್ಲಿನ ಒಂದು ಸಣ್ಣ ಕಾರ್ಖಾನೆ ಸಿಕ್ಕಿತು. ಅಳತೆಯ ಪಟ್ಟಿಯ ಪ್ರಕಾರ ನನ್ನ ಕಾಲು ನಲವತ್ತೆರಡಕ್ಕೂ ನಲವತ್ಮೂರಕ್ಕೂ ನಡುವೆ ತ್ರಿಶಂಕುವಿನಂತಿತ್ತು. ಚರ್ಮ ಹಿಗ್ಗುತ್ತದಲ್ಲ ಎಂದು ನಲವತ್ತೆರಡು ತರಿಸಿದೆ.

ಪೆಟ್ಟಿಗೆಯಲ್ಲಿ ಕೈಬರಹದ ಒಂದು ಚೀಟಿ ಇತ್ತು: ಇದನ್ನು ಹೊಲಿದವರು ಫಿಲೊಮೆನಾ.

"ಯಾರ್ರೀ ಇವಳು?" ಎಂದಳು ನನ್ನ ಹೆಂಡತಿ ಶೈಲಜಾ.

"ಶೂ ಹೊಲಿದವಳು."

"ಹೆಸರು ಬರೆದು ಕಳಿಸೋ ಅಂಥದ್ದೇನಿದೆ ಅದ್ರಲ್ಲಿ? ಇಪ್ಪತ್ತೆಂಟು ವರ್ಷದಿಂದ ಚಪಾತಿ ಮಾಡ್ತಿದೀನಿ, ಒಂದರ ಮೇಲಾದ್ರೂ ನನ್ನ ಹೆಸರು ಬರ್ದಿದೀನಾ?"

ಚೀಟಿಯ ಕೆಳಗೆ ಇನ್ನೊಂದು ಕಾಗದ. ಅಲ್ಲಿಂದ ನನ್ನ ಕಷ್ಟ ಶುರು. ಶೂವನ್ನು ಮೆಟ್ಟಿ ಮನೆಯೊಳಗೆ ಎರಡು ಗಂಟೆ ನಡೆದಾಡಿ ನೋಡಿ. ಸರಿಹೋಗದಿದ್ದರೆ ಹದಿನಾಲ್ಕು ದಿನದೊಳಗೆ ಬೇರೆ ಅಳತೆ ಕೊಡುತ್ತೇವೆ. ಹೊರಗೆ ಮೆಟ್ಟಿ ಅಟ್ಟೆಗೆ ಒಂದು ಗೀರು ಬಿದ್ದರೂ ಇಲ್ಲ. ಓದಿ ಮುಗಿಸಿ ಶೂ ಹಾಕಿಕೊಂಡು ಹಾಲ್‌ನಲ್ಲಿ ಎದ್ದು ನಿಂತೆನಷ್ಟೆ.

"ಬಿಚ್ಚಿ."

"ಹೊಸದು ಕಣೇ. ಇನ್ನೂ ಹೊರಗಿನ ನೆಲಾನೇ ಮುಟ್ಟಿಲ್ಲ."

"ಶೂ ಶೂನೇ. ದೇವರ ಮನೆ ಇರೋ ಮನೇಲಿ ಶೂ ಹಾಕ್ಕೊಂಡು ಓಡಾಡ್ತಾರಾ? ಹೊರಗೆ ಹೋಗಿ ಹಾಕ್ಕೊಳ್ಳಿ."

ಶೂವನ್ನು ಒಳಗೆ ಮಾತ್ರ ಮೆಟ್ಟತಕ್ಕದ್ದು ಎಂದು ಯುರೋಪು, ಹೊರಗೆ ಮಾತ್ರ ಮೆಟ್ಟತಕ್ಕದ್ದು ಎಂದು ಶೈಲಜಾ. ಈ ಎರಡು ಮಹಾಶಕ್ತಿಗಳ ನಡುವೆ ನಾನು ಸಾಕ್ಸಿನಲ್ಲಿ ನಿಂತಿದ್ದೆ. ಆಫೀಸಿನ ಕಾರ್ಪೆಟ್ ಮೇಲೆ ನಡೆಯೋಣವೆಂದರೆ ನನಗೆ ಆಫೀಸೂ ಮನೆಯಲ್ಲೇ, ಮೇಲಿನ ಕೋಣೆಯಲ್ಲಿ. ಗರಾಜಿನದು ಗರಗಸದಂಥ ಕಾಂಕ್ರೀಟು. ಮಂಚದ ಮೇಲೆ ನಾಲ್ಕು ಹೆಜ್ಜೆ ಹಾಕಿದೆ. ಆ ದೃಶ್ಯವನ್ನು ಶೈಲಜಾ ನೋಡಿದಳು, ಅದರ ವಿವರ ಬೇಡ.

ಹನ್ನೆರಡನೆಯ ದಿನ ನನಗೆ ಪಾಟೀಲರ ನೆನಪಾಯಿತು. ಧಾರವಾಡದ ಕಡೆಯವರು, ಹಳೆಯ ಸ್ನೇಹಿತರು, ಡಲ್ಲಾಸಿನ ಉತ್ತರಕ್ಕೆ ಪ್ರಾಸ್ಪರ್ ಎಂಬ ಊರಿನಲ್ಲಿ ಹೊಸ ಮನೆ ಕಟ್ಟಿಸಿದ್ದರು. ಬೀಗದ ಕೈ ಬಂದಿತ್ತು, ಗೃಹಪ್ರವೇಶ ಆಗಿರಲಿಲ್ಲ. ನನ್ನ ತಲೆಯಲ್ಲಿ ದೀಪ ಹೊತ್ತಿತು. ಗೋಡೆ, ಚಾವಣಿ ಇರುವುದರಿಂದ ಯುರೋಪಿನ ದೃಷ್ಟಿಯಲ್ಲಿ ಅದು ಮನೆ. ಹಾಲು ಉಕ್ಕಿಸಿಲ್ಲವಾದ್ದರಿಂದ ಶೈಲಜಾಳ ದೃಷ್ಟಿಯಲ್ಲಿ ಅದು ಇನ್ನೂ ಮನೆಯಲ್ಲ. ಅವಳನ್ನೇ ಕೇಳಿದೆ. ಬಹಳ ಹೊತ್ತು ಯೋಚಿಸಿ, "ಅಲ್ಲಿ ಪರವಾಗಿಲ್ಲ" ಎಂದಳು. ಶನಿವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು, ಶೂವಿನ ಪೆಟ್ಟಿಗೆಗೆ ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿ, ನಾಲ್ಕೂವರೆ ಗಂಟೆ ಡ್ರೈವ್ ಮಾಡಿದೆ.

"ಮನಿ ನೋಡಾಕ ಬಂದೀರೋ, ಶೂ ತೋರಸಾಕ ಬಂದೀರೋ?" ಎಂದರು ಪಾಟೀಲರು.

"ನಡೆದಾಡೋದಕ್ಕೆ ಬಂದೆ."

"ಅಲ್ರೀ, ಹ್ಯೂಸ್ಟನ್ನಾಗ ನೆಲಾ ಇಲ್ಲೇನ್ರಿ?"

ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟೆ, ಒಳಗೆ ಕೂತು ಶೂ ಹಾಕಿಕೊಂಡೆ. ಗಡಿಯಾರ ನೋಡಿಕೊಂಡು ಹೊರಟೆ. ಹಾಲ್ ದಾಟಿದೆ, ಅಡಿಗೆಮನೆ ಬಂತು. ಎಡಗಾಲಿನ ಹೆಬ್ಬೆರಳು ಏನೋ ಹೇಳಬೇಕೆಂದು ಗಂಟಲು ಸರಿಪಡಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಪಾಟೀಲರು ಪಕ್ಕದ ಒಂದು ಬಾಗಿಲು ತೆಗೆದರು. ಬಿಲ್ಡರ್ ಕೋಟು ನೇತುಹಾಕಲೆಂದು ಕಟ್ಟಿದ ಗೂಡು. ಒಳಗೆ ಒಂದು ಕಂಬಿ, ಒಂದು ಪೇಂಟ್ ಡಬ್ಬಿ. "ಇದನ್ನ ದೇವರ ಮನಿ ಮಾಡೋಣಂತೀವ್ರಿ" ಎಂದರು.

ಆಮೇಲೆ ಇಡೀ ಮನೆ ನೋಡಿದೆ. ಮಹಡಿ ಹತ್ತಿದೆ, ಐದು ಬಚ್ಚಲುಗಳ ನಲ್ಲಿ ತಿರುಗಿಸಿದೆ, ಬೇಕೆಂದೇ ಹತ್ತು ಸಲ ಉದ್ದಗಲ ಓಡಾಡಿದೆ. ಎರಡು ಗಂಟೆಯಲ್ಲಿ ಎಲ್ಲಿಯೂ ನೋವಿಲ್ಲ. ಫಿಲೊಮೆನಾಳ ಕೈಗುಣವನ್ನು ಪಾಟೀಲರ ಮುಂದೆ ಕೊಂಡಾಡಿದೆ. ಅವರು ನನ್ನ ಕಾಲನ್ನೇ ನೋಡಿ, "ಶೂ ಎಲ್ಲೈತ್ರಿ?" ಎಂದರು. ಶೂ ಪೇಂಟ್ ಡಬ್ಬಿಯ ಮುಂದೆ, ಗೂಡಿನ ಬಾಗಿಲಿನ ಹೊರಗೆ, ಜೊತೆಯಾಗಿ ಒಪ್ಪವಾಗಿ ಇತ್ತು. ಯಾವಾಗ ಬಿಚ್ಚಿದೆನೋ ನನಗೆ ತಿಳಿಯದು.

ಮತ್ತೆ ಹಾಕಿಕೊಂಡು ನಡೆಯಬಹುದಿತ್ತು. ಆದರೆ ದೇವರ ಮನೆಯಾಗಲಿರುವ ಗೂಡನ್ನು ಕಣ್ಣಾರೆ ಕಂಡಮೇಲೆ ಕಾಲು ಒಪ್ಪಲಿಲ್ಲ. ಪೆಟ್ಟಿಗೆಗೆ ಬೆಲ್ಟ್ ಹಾಕಿ ಹಿಂದಿರುಗಿದೆ. "ಹೇಗಿದೆ, ಕಚ್ಚುತ್ತಾ?" ಎಂದಳು ಶೈಲಜಾ. "ಎರಡು ಗಂಟೆ ನಡೆದೆ, ಏನೂ ಆಗಲಿಲ್ಲ" ಎಂದೆ. ಒಂದೊಂದು ಅಕ್ಷರವೂ ಸತ್ಯ. ಹದಿನಾಲ್ಕು ದಿನ ಮುಗಿಯಿತು.

ಆಸ್ಟಿನ್‌ನಲ್ಲಿ ಪಾರ್ಕಿಂಗಿನಿಂದ ಹುಲ್ಲುಹಾಸಿನ ಕುರ್ಚಿಯವರೆಗೆ ಇಪ್ಪತ್ತು ನಿಮಿಷ ನಡೆದೆವು. ಎಡ ಹೆಬ್ಬೆರಳು ಪ್ರಾಸ್ಪರ್‌ನಲ್ಲಿ ಅರ್ಧಕ್ಕೆ ನಿಂತಿದ್ದ ಮಾತನ್ನು ಪೂರ್ತಿ ಹೇಳಿತು. ಕೂತ ಕೂಡಲೇ ಯಾರಿಗೂ ಕಾಣದಂತೆ ಎರಡನ್ನೂ ಕುರ್ಚಿಯ ಕೆಳಗೆ ಜಾರಿಸಿದೆ. ಅನಘಾಳ ಹೆಸರು ಕರೆದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆಮೇಲೆ ಊದಿದ ಕಾಲು ಒಳಗೆ ಹೋಗಲಿಲ್ಲ. ಅವಳು ಗೌನು ಎತ್ತಿಕೊಂಡು ಓಡಿಬಂದು ಮೊದಲು ನೋಡಿದ್ದು ನನ್ನ ಕಾಲನ್ನೇ.

"ಅಪ್ಪ, ವೇರ್ ಆರ್ ದ ಶೂಸ್?"

"ನಿಮ್ಮಪ್ಪನಿಗೆ ಎಲ್ಲಿ ಹೋದ್ರೂ ದೇವರ ಮನೆ ಕಾಣತ್ತೆ ಕಣೇ" ಎಂದಳು ಶೈಲಜಾ. ಪಾಟೀಲರು ಅವಳಿಗೆ ಎಲ್ಲವನ್ನೂ ಹೇಳಿದ್ದರೆಂದು ನನಗೆ ಆಗ ತಿಳಿಯಿತು.

ಫೋಟೋ ಚೆನ್ನಾಗಿ ಬಂದಿದೆ. ಅದರಲ್ಲಿ ನಾನು ಸಾಕ್ಸಿನಲ್ಲಿದ್ದೇನೆ. ನನ್ನ ಕಾಲಿನ ಅಳತೆ ನಲವತ್ಮೂರು.