ಬನಹಟ್ಟಿಯಿಂದ ಹೊರಟ ಸೀನು

ಹಬ್ಬಿದ ರೋಗವನ್ನು ದೊಡ್ಡವರು ಜಾಗತಿಕ ಪಿಡುಗು ಎಂದು ಘೋಷಿಸುವುದು ಯಾವಾಗ? ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಎಲ್ಲೆಲ್ಲಿಗೆ ಮುಟ್ಟಿದೆ ಎಂದು ನೋಡುತ್ತಾರಂತೆ. ನಾನಿದನ್ನು ಓದಿ ತಿಳಿದವನಲ್ಲ, ಒಂದು ಸೀನಿನಿಂದ ಕಲಿತವನು. ಆ ಸೀನು ನನ್ನದೇ.

ಎಳ್ಳಮವಾಸ್ಯೆಗೆ ಬನಹಟ್ಟಿಯ ನಮ್ಮ ಹೊಲಕ್ಕೆ ನೆಂಟರೆಲ್ಲ ಬಂದಿದ್ದರು. ಎಳೆಬಿಸಿಲು, ತೂಗುವ ಜೋಳ, ಊರ ಕಡೆಯಿಂದ ತೇಲಿಬರುವ ಮಗ್ಗಗಳ ಸದ್ದು. ಕಣ್ಣು ಅರೆಮುಚ್ಚಿಕೊಂಡೇ ಇದ್ದುಬಿಡೋಣ ಎನಿಸುವಂಥ ದಿನ. ನನಗೋ ಬೆಳಗಿನಿಂದ ಮೂಗು ಸೋರುತ್ತಿತ್ತು; ಜೋಳದ ಮರೆಗೆ ಹೋಗಿ ಒಮ್ಮೆ ಸೀನಿಯೂ ಬಂದಿದ್ದೆ. ಬಾಯಿಬಿಟ್ಟರೆ ಊಟಕ್ಕೆ ಬೇರೆ ಕೂಡಿಸುತ್ತಾರೆಂದು ಸುಮ್ಮನಿದ್ದೆ. ಸಾಲದ್ದಕ್ಕೆ ಎಲ್ಲರ ತಾಟಿಗೂ ಕೈಯಾರೆ ಗೋದಿ-ಬೆಲ್ಲದ ಮಾದಲಿ ಬಡಿಸಿದೆ.

ಮೂರನೆಯ ದಿನ ನನ್ನ ಹೆಂಡತಿ ಕೆಮ್ಮಿದಳು. ಅದೇ ಸಂಜೆ ಜಮಖಂಡಿಯಲ್ಲಿ ಅವಳ ತಮ್ಮ ಹಾಸಿಗೆ ಹಿಡಿದ. ಮುಧೋಳದಲ್ಲಿರುವ ಅವಳ ದೊಡ್ಡವ್ವನ ಮಾತೇ ನಮ್ಮ ಬಳಗಕ್ಕೆ ಕೊನೆಯ ಮಾತು. ಆಕೆ ಮೊದಲು ಅವಸರ ಮಾಡಲಿಲ್ಲ. "ಒಂದೆರಡು ಮನ್ಯಾಗ ಬಂದ್ರ ಅದು ನೆಗಡಿ. ತಡೀರಿ, ನೋಡೂಣು," ಎಂದಳು. ಮರುದಿನ ಆಕೆಗೇ ಗಂಟಲು ಕಟ್ಟಿತು. ಫೋನಿನಲ್ಲೇ ಘೋಷಣೆ ಹೊರಟಿತು: "ಇದು ಎಲ್ಲಾ ಕಡೆ ಹಬ್ಬೇತಿ. ಬೀಳಗಿ ತೊಟ್ಟಲಕ್ಕ ನಮ್ಮವ್ರು ಯಾರೂ ಹೋಗೂದು ಬ್ಯಾಡ." ಮೂಲ ಎಲ್ಲಿಯದೆಂಬ ವಿಚಾರಣೆಯೂ ನಡೆದು, ಹೊಲಕ್ಕೆ ಬಂದಿದ್ದ ಹೆಂಡತಿಯ ತಮ್ಮನ ಬೇಟೆನಾಯಿಯ ಮೇಲೆ ಅಪವಾದ ಬಂತು. ಪಾಪ, ಅದು ಎರಡು ಸಲ ಸೀನಿದ್ದು ಖರೆ. ನಾನು ಗಂಭೀರವಾಗಿ ತಲೆಯಾಡಿಸಿದೆ.

ಬೀಳಗಿ ಆ ತಮ್ಮನ ಹೆಂಡತಿಯ ತವರು. ಅಲ್ಲಿ ತೊಟ್ಟಿಲಿಗೆ ಹಾಕಬೇಕಿದ್ದದ್ದು ತಮ್ಮನ ಚೊಚ್ಚಲ ಕೂಸನ್ನು. ಸೋದರತ್ತೆಯಾಗಿ ಅದರ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ನನ್ನ ಹೆಂಡತಿ. ತಿಂಗಳಿಂದ ಕೂತು ಕೂಸಿನ ತಲೆಗೆ ಕುಂಚಿಗೆ ಹೊಲಿದಿದ್ದಳು. ತೊಟ್ಟಿಲ ದಿನ ಅದನ್ನು ತೊಡೆಯ ಮೇಲೆ ಹರವಿಕೊಂಡು, ಕೆಮ್ಮು ಅದುಮಿಕೊಂಡು, ಫೋನಿನಲ್ಲೇ ಮೂರು ಸಲ ಹೆಸರು ಕರೆದಳು. ಆ ಕಡೆ ಕೂಸು ಅತ್ತಿತು. ಇವಳು ಕುಂಚಿಗೆಯ ಅಂಚನ್ನು ಸವರುತ್ತ ಕುಳಿತಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಾಯಿದಲ್ಲ, ಮೊದಲ ನೆಗಡಿ ನಂದ," ಎಂದೆ.

"ಗೊತ್ತೈತ್ರಿ," ಎಂದಳು. "ಅವತ್ತ ಮುಂಜಾನೆ ನಿಮ್ಮ ಕರ್ಚೀಫ ಒಗದಾಕಿ ನಾನ ಅಲ್ಲೇನು. ಹೇಳಿದ್ರ ನಿಮ್ಮನ್ನ ಒಬ್ರನ್ನ ಬ್ಯಾರೆ ಕೂಡಸ್ತಿದ್ರು. ವರ್ಷಕ್ಕೊಮ್ಮಿ ಊಟ, ಎಲ್ಲಾರ ಕೂಡ ಉಣ್ಣಲಿ ಅಂತ ಸುಮ್ಮನಾದೆ."

ನನ್ನ ನೆಗಡಿ ಬಿಟ್ಟು ಆಗಲೇ ಎರಡು ದಿನವಾಗಿತ್ತು. ಆದರೂ ಮೂಗು ಒರೆಸಿಕೊಳ್ಳಬೇಕಾಯಿತು.