ಬಿ.ಪಿ. ಗುಳಿಗೆ ಮತ್ತು ಕಮಲಾಪುರದ ಕೆಂಪು ಬಾಳೆ

ಗುಳಿಗೆ ಬರೆಯುವವರು ಡಾಕ್ಟರು ಒಬ್ಬರೇ. ಅದರ ಮೇಲೆ ಏನು ತಿನ್ನಬೇಕೆಂದು ಹೇಳುವವರು ಮಾತ್ರ ಓಣಿ ತುಂಬ. ಹಾಗಾಗಿ ಯಾರ ಮನೆಗೆ ಬಿ.ಪಿ. ಹೊಕ್ಕರೂ ಅಲ್ಲಿ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ತೊಂಬತ್ತರ ದಶಕದಲ್ಲಿ ಅದು ಹೊಕ್ಕಿದ್ದು ನಮ್ಮ ಅಣ್ಣನ ಮೈಗೆ.

೧. ನುಂಗುವ ಬಗೆ

ಕಲಬುರಗಿಯ ಡಾಕ್ಟರು ಅಣ್ಣನ ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದಿಟ್ಟರು.

“ನಿಮ್ಮ ಕಿಡ್ನಿ ಸ್ವಲ್ಪ ಸೋತದರೀ. ಈ ಬಿ.ಪಿ. ಗುಳಿಗಿ ರಕ್ತದಾಗ ಪೊಟ್ಯಾಸಿಯಂ ಅನ್ನೂ ಲವಣ ಹಿಡಿದಿಡ್ತದ. ಬಾಳೆಹಣ್ಣಿನಾಗೂ ಅದೇ ತುಂಬೇದ. ಎರಡೂ ಕೂಡಿದ್ರ ಎದಿ ಬಡಿತ ತಪ್ಪತದ. ಇವತ್ತಿಂದ ಬಾಳೆಹಣ್ಣು ಬಂದ್.”

ಅಣ್ಣ ಗಾಬರಿಯಾದ. ಎದೆಯ ಮಾತಿಗಲ್ಲ.

“ಬಾಳೆಹಣ್ಣು ಬಂದ್ ಮಾಡಿದ್ರ ಗುಳಿಗಿ ಯಾತರಾಗ ಇಟ್ಟು ನುಂಗ್ಲಿರೀ?”

೨. ದೇವರ ಪಾಲು

ಮುಂದಿನ ಸಲವೂ ರಕ್ತದಲ್ಲಿ ಲವಣ ಇಳಿದಿರಲಿಲ್ಲ. ಡಾಕ್ಟರು ಸಿಟ್ಟಾದರು. “ಖರೇ ಹೇಳ್ರಿ, ಬಾಳೆಹಣ್ಣು ತಿಂದೀರಿಲ್ಲೋ?”

“ದೇವರಾಣೆ ಮುಟ್ಟಿಲ್ಲರೀ.”

ಜೊತೆಗೆ ಬಂದಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, ಸೆರಗು ಸರಿಪಡಿಸಿಕೊಂಡು ಹೇಳಿದಳು: “ನೈವೇದ್ಯಕ್ಕ ಇಟ್ಟದ್ದಷ್ಟೇ ತಿಂತಾರ್ರೀ. ಅದು ಹಣ್ಣಲ್ಲ, ಪ್ರಸಾದ.”

“ಹಂಗಾದ್ರ ದೇವರಿಗೂ ಬಾಳೆಹಣ್ಣು ಇಡಬ್ಯಾಡ್ರಿ. ಕಲ್ಲುಸಕ್ರಿ ಇಡ್ರಿ.”

ದಿನವೂ ಪೂಜೆ ಮುಗಿಸದೆ ನೀರು ಮುಟ್ಟದ ಅಣ್ಣ ಎದ್ದೇ ನಿಂತ. “ಬಿ.ಪಿ. ನನಗ ಅದರೀ. ಅವಗ್ಯಾಕ ಪಥ್ಯ?”

೩. ಮಾಸ್ತರರ ರಸ

ನಮ್ಮ ಓಣಿಯಲ್ಲಿ ಒಬ್ಬ ರಿಟೈರ್ ಆದ ಹೆಡ್‌ಮಾಸ್ತರರಿದ್ದರು. ಅವರು ನುಗ್ಗೆಸೊಪ್ಪು ಅರೆದು, ಸೋಸಿ, ರಸವನ್ನು ಚರಿಗೆಯಲ್ಲಿ ತಂದರು.

“ಇಂಗ್ಲಿಷ್ ಔಷಧದ ಉಷ್ಣ ತಗೀತದ. ಗುಳಿಗಿ ಮ್ಯಾಲ ಗಟಗಟ ಕುಡೀರಿ.”

ಅಣ್ಣ ಕುಡಿದ. ಗುಳಿಗೆ ಒಂದು ಕಡೆ, ರಸ ಒಂದು ಕಡೆ ಬಿ.ಪಿ.ಯನ್ನು ಕೆಳಗೆ ಜಗ್ಗಿದವು. ಸಂಧ್ಯಾವಂದನೆಗೆ ಕೂತವನು ಮಣೆಯ ಮೇಲೆಯೇ ಒರಗಿದ. ಡಾಕ್ಟರು ಬೈದು ರಸ ಬಿಡಿಸಿದ ಮೇಲೆ ನಾನು ಮಾಸ್ತರರನ್ನು ಕೇಳಿದೆ: “ನಿಮಗೂ ಬಿ.ಪಿ. ಅದ ಅಂತೀರಿ. ನಿಮಗ ತಲಿ ತಿರಗೂದಿಲ್ಲೇನ್ರಿ ಈ ರಸಕ್ಕ?”

“ನಾ ಎಲ್ಲಿ ಕುಡೀತೀನೋ? ಭಾಳ ಕಹಿ ಇರ್ತದ. ನನಗ ಗುಳಿಗೀನ ಛಲೋ.”

೪. ಕಾಶಿಯಲ್ಲಿ ಬಿಟ್ಟದ್ದು

ಅಷ್ಟರಲ್ಲಿ ಅಣ್ಣನ ಮಗಳಿಗೆ ಕಮಲಾಪುರದಿಂದ ಸಂಬಂಧ ಬಂತು. ಹುಡುಗ ಮಾಸ್ತರ, ಮನೆಗೆ ಕೆಂಪು ಬಾಳೆಯ ತೋಟ. ಹುಡುಗಿಯ ಅಪ್ಪ ರೋಗಿಷ್ಟ ಎಂದರೆ ಕೆಲಸ ಕೆಡುತ್ತದೆಂದು ಬಿ.ಪಿ. ಮಾತು ಯಾರೂ ಎತ್ತಬಾರದೆಂದು ಅಣ್ಣ ದಾರಿಯುದ್ದಕ್ಕೂ ಬಸ್ಸಿನಲ್ಲಿ ತಾಕೀತು ಮಾಡಿದ.

ಹೋಗಿ ಕೂತೊಡನೆ ಹುಡುಗನ ತಂದೆ ಒಂದು ಇಡೀ ಹಣಿಗೆ ಬಾಳೆಹಣ್ಣು ಮುಂದಿಟ್ಟರು. ಒಂದೊಂದು ಹಣ್ಣೂ ಮೊಣಕೈ ಗಾತ್ರ.

“ನಮ್ಮ ತೋಟದ್ದು. ಮೊದಲ ಹಣ್ಣು, ಆಮ್ಯಾಲ ಮಾತು.”

ತಿಂದರೆ ಎದೆ, ಬಿಟ್ಟರೆ ಸಂಬಂಧ. ಡಾಕ್ಟರು ಬೇಡವೆಂದರೆ ನಮ್ಮಲ್ಲಿ ಯಾರೂ ಕೇಳುವುದಿಲ್ಲ, ‘ಒಂದಕ್ಕ ಏನಾಗ್ತದ’ ಎನ್ನುತ್ತಾರೆ. ಆದರೆ ಕಾಶಿಗೆ ಹೋದವರು ಇಷ್ಟದ್ದೊಂದನ್ನು ಅಲ್ಲಿ ಬಿಟ್ಟು ಬರುತ್ತಾರೆ. ಬಿಟ್ಟದ್ದನ್ನು ತಿನ್ನೆಂದು ಆಮೇಲೆ ಯಾರೂ ಒತ್ತಾಯಿಸುವುದಿಲ್ಲ. ಅಣ್ಣ ಕಣ್ಣು ಮುಚ್ಚಿ ಕೈ ಮುಗಿದ. “ಬಾಳೆಹಣ್ಣು ಕಾಶಿಯಾಗ ಬಿಟ್ಟೀನ್ರೀ. ನೀವು ತಗೋರಿ.”

ಹುಡುಗನ ತಂದೆಯೂ ಕೈ ಮುಗಿದರು. “ನಾನೂ ಅಲ್ಲೇ ಬಿಟ್ಟೀನ್ರೀ.”

ಒಳಗಿಂದ ಅವರ ಹೆಂಡತಿಯ ದನಿ ಬಂತು: “ಯಾವ ಕಾಶಿರೀ? ವಾಡಿ ಸ್ಟೇಶನ್ ದಾಟಿದವರಲ್ಲ ನೀವು! ಬಿ.ಪಿ. ಅದ, ಡಾಕ್ಟರ್ ಬ್ಯಾಡಂದಾರ ಅಂತ ಹೇಳಲಿಕ್ಕೆ ಏನಾಗ್ಯದ?”

ಹುಡುಗನ ತಂದೆ ತಲೆ ತಗ್ಗಿಸಿದರು. ಅಣ್ಣನಿಗೆ ಎಲ್ಲಿಂದ ಧೈರ್ಯ ಬಂತೋ, ಗಂಟಲು ಸರಿಮಾಡಿಕೊಂಡು ನ್ಯಾಯ ಹೇಳಲು ಕೂತ.

“ಏನಾರ ಅನ್ರಿ, ಹೆಣ್ಣು ಕೊಡಾವರ ಮುಂದ ರೋಗ ಮುಚ್ಚಿಡಬಾರದಿತ್ತು. ನಮ್ಮ ಮನಿತನದಾಗ ಇಂಥಾದ್ದೆಲ್ಲ ಇಲ್ಲ.”

ಮಾತು ಮುಗಿಯುವುದಕ್ಕೂ ವೈನಿ ಗಡಿಯಾರ ನೋಡುವುದಕ್ಕೂ ಸರಿಹೋಯಿತು. ರೂಢಿಬಲದಿಂದ ಸೆರಗಿನ ಗಂಟು ಬಿಚ್ಚಿ ಗುಳಿಗೆ ತೆಗೆದು, ನೀರಿನ ಲೋಟದೊಡನೆ ಅಣ್ಣನ ಮೂಗಿನ ಮುಂದೆ ಹಿಡಿದಳು.

“ಹೊತ್ತಾತು, ತಗೋರಿ.”

ಹುಡುಗನ ತಂದೆ ಬಗ್ಗಿ ಗುಳಿಗೆ ನೋಡಿದರು. ತಮ್ಮ ಅಂಗಿಯ ಕಿಸೆಯಿಂದ ಅದೇ ಬಣ್ಣದ ಗುಳಿಗೆ ತೆಗೆದು ಅಂಗೈಯಲ್ಲಿಟ್ಟುಕೊಂಡರು. ನಂತರ ಅಣ್ಣನ ಹತ್ತಿರ ಸರಿದು ಮೆಲ್ಲಗೆ ಕೇಳಿದರು:

“ಬೀಗರ, ನಿಮಗ ಕಾಶಿಗೆ ಕಳಿಸಿದ ಡಾಕ್ಟರ್ ಯಾರ್ರೀ?”