ನಮ್ಮ ಯಜಮಾನರ ಮೆಟಾವರ್ಸ್ ಪಾಠ

ಹಿಮಾಲಯದಿಂದ ನೇರವಾಗಿ ಬಂದು ಬಸವೇಶ್ವರನಗರದ ಫ್ರಿಜ್ಜಿಗೆ ಡಿಕ್ಕಿ ಹೊಡೆದವರು ಯಾರಾದರೂ ಇದ್ದರೆ ಅದು ನಮ್ಮ ಯಜಮಾನರು ಮಾತ್ರ! ನಂಬುವುದಿಲ್ಲವೇ? ಹೇಳುತ್ತೇನೆ, ಕೇಳಿ.

ಅವರಿದ್ದ ಕೊನೆಯ ದಿನ ಎಷ್ಟು ಸಾಧಾರಣವಾಗಿತ್ತೆಂದರೆ, ಮಧ್ಯಾಹ್ನ ನಾವಿಬ್ಬರೂ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ನಾನು ಹಿತುಕಿದ ಬೇಳೆ ಪಾತ್ರೆಗೆ ಬೀಳುತ್ತಿತ್ತು. ಅವರು ಹಿತುಕಿದ್ದು ಸೋಫಾದ ಕೆಳಗೆ ಹೋಗುತ್ತಿತ್ತು. ಅವರ ಗಮನವೆಲ್ಲ ನನ್ನನ್ನು ಪರೀಕ್ಷೆ ಮಾಡುವುದರಲ್ಲಿತ್ತು.

“ಹೇಳು ನೋಡೋಣ, ವಿ.ಆರ್. ಅಂದ್ರೇನು?”

“ಕಣ್ಣಿಗೆ ಡಬ್ಬ ಕಟ್ಕೊಳ್ಳೋದು.”

“ಲೇ, ಡಬ್ಬ ಅನ್ಬೇಡ, ಹೆಡ್‌ಸೆಟ್ ಅನ್ನು. ಅದನ್ನ ಹಾಕ್ಕೊಂಡ್ರೆ ಈ ಮನೆ ಪೂರ್ತಿ ಮಾಯ, ಬೇರೆ ಜಾಗ ಹಾಜರ್. ಅದು ವರ್ಚುವಲ್ ರಿಯಾಲಿಟಿ. ಸರಿ, ಎ.ಆರ್. ಅಂದ್ರೆ?”

“ಮನೆ ಹಾಗೇ ಇರುತ್ತೆ. ಅದರ ಮೇಲೆ ಇಲ್ಲದ್ದೊಂದು ಬಂದು ಕೂರುತ್ತೆ.”

“ಭೇಷ್. ಉದಾಹರಣೆ?”

“ನಮ್ಮ ಸೋಫಾ ಮೇಲೆ ಸಿಂಹ. ನಿಮ್ಮಕ್ಕ ಬಂದಾಗ ಇರೋ ಹಾಗೆ.”

ಅರ್ಧ ಮಾರ್ಕು ಕಳೆದರು.

ರಾಜಾಜಿನಗರದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದ ಮನುಷ್ಯನಿಗೆ ಈ ಹುಚ್ಚು ಏಕೆ ಹತ್ತಿತು? ಮಂಡಿ ನೋವಿನಿಂದ. ನೋವು ಅವರದಲ್ಲ, ನನ್ನದು. ನಮ್ಮ ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ದಿನಾ ಸಂಜೆ ಇಬ್ಬರೂ ಪಾರ್ಕಿನವರೆಗೆ ಹೋಗಿ ಕಲ್ಲು ಬೆಂಚಿನ ಮೇಲೆ ಕೂತು ಬರುತ್ತಿದ್ದೆವು. ಅದು ನಿಂತುಹೋಯಿತು. ಕೆಲವು ದಿನ ಅವರೊಬ್ಬರೇ ಹೋದರು, ಆಮೇಲೆ ಬಿಟ್ಟರು. “ಒಬ್ಬನೇ ಹೋಗಿ ಯಾರ ಜೊತೆ ಜಗಳ ಆಡ್ಲಿ?” ಎಂದರು. ಅಷ್ಟರಲ್ಲಿ ಕೆಂಗೇರಿಯಲ್ಲಿರುವ ಮಗಳು, ತಾನು ಕೊಂಡು ಮೂಲೆಗೆ ಹಾಕಿದ್ದ ಹೆಡ್‌ಸೆಟ್ಟನ್ನು ತಂದುಕೊಟ್ಟಳು. ನನ್ನನ್ನು ಅದರೊಳಗೇ ಹೊರಗೆ ಕರೆದುಕೊಂಡು ಹೋಗಬೇಕೆಂದು ಅವರು ಅಂದೇ ತೀರ್ಮಾನಿಸಿದರು.

ಮೊದಲ ಪಾಠ ಬೌಂಡರಿ. ಹೆಡ್‌ಸೆಟ್ ಹಾಕಿಕೊಂಡವರಿಗೆ ಮನೆಯ ಗೋಡೆ ಕಾಣುವುದಿಲ್ಲ. ಹಾಗಾಗಿ ಇಷ್ಟರೊಳಗೇ ಓಡಾಡುತ್ತೇನೆ ಎಂದು ಅದರಲ್ಲೇ ಒಂದು ಗೆರೆ ಎಳೆದುಕೊಳ್ಳಬೇಕಂತೆ. ಆದರೆ ಗುರುತು ಹಾಕದೆ ಕಬ್ಬಿಣಕ್ಕೆ ಕೈ ಹಚ್ಚದ ಇವರು ಯಂತ್ರದ ಗೆರೆಯನ್ನು ನಂಬುತ್ತಾರೆಯೇ? ಅದನ್ನು ಆಫ್ ಮಾಡಿ, ನನ್ನ ರಂಗೋಲಿ ಡಬ್ಬ ತಂದು, ಟೇಪು ಹಿಡಿದು ಅಳೆದು, ಹಾಲಿನ ನಡುವೆ ಅಚ್ಚುಕಟ್ಟಾದ ಚೌಕ ಹಾಕಿದರು.

“ರೀ, ಅದನ್ನ ಹಾಕ್ಕೊಂಡ ಮೇಲೆ ರಂಗೋಲಿ ಕಾಣುತ್ತೇನ್ರೀ?”

ಹೆಡ್‌ಸೆಟ್ ಏರಿಸಿಕೊಂಡು ಅವರು ಆಗಲೇ ಹಿಮಾಲಯದಲ್ಲಿದ್ದರು. ಸ್ವಲ್ಪ ಹೊತ್ತಿಗೆ ಫ್ರಿಜ್ಜು ಉತ್ತರ ಕೊಟ್ಟಿತು! ಅಡುಗೆಮನೆ ತುಂಬ ಬಿಳಿ ಹೆಜ್ಜೆಗಳು. ಗೋಕುಲಾಷ್ಟಮಿಗೆ ಇನ್ನೂ ಬಹಳ ದಿನವಿತ್ತು.

ಎರಡನೆಯ ಪಾಠ ಅವತಾರ. ಆ ಲೋಕದಲ್ಲಿ ನಮ್ಮ ಬದಲು ಓಡಾಡುವ ಗೊಂಬೆ ಅದು. ತಮ್ಮದಕ್ಕೆ ದಟ್ಟವಾದ ಕಪ್ಪು ಕೂದಲು ಇಟ್ಟುಕೊಂಡಿದ್ದರು.

“ಯಾರ ಕೂದಲು ಇದು?”

“ನಂದೇ. ಹಳೇದು.”

ನನಗೂ ಒಂದು ಗೊಂಬೆ ಮಾಡಿದರು. ಮುಖ ಪರವಾಗಿಲ್ಲ. ಆದರೆ ಸೊಂಟದ ಕೆಳಗೆ ಏನೂ ಇರಲಿಲ್ಲ, ಗಾಳಿಯಲ್ಲಿ ತೇಲುತ್ತಿತ್ತು.

“ಅಯ್ಯೋ, ಕಾಲೇ ಇಲ್ವಲ್ರೀ! ದೆವ್ವ ಇದ್ದಂಗಿದೆ.”

“ಕಾಲಿಲ್ಲ ಅಂದ್ರೆ ಮಂಡಿ ನೋವೂ ಇಲ್ಲ ಕಣೇ,” ಎಂದರು, ದೊಡ್ಡ ಉಪಕಾರ ಮಾಡಿದವರಂತೆ.

ಮೆಟಾವರ್ಸ್ ಎಂದರೆ ಇಂಥ ಗೊಂಬೆಗಳೆಲ್ಲ ಸೇರುವ ಒಂದು ಲೇಔಟು ಎಂದು ವಿವರಿಸಿದ್ದರು. ಅಲ್ಲಿ ಅಂಗಡಿ, ಸಭೆ, ಸಂತೆ ಎಲ್ಲ ಇರುತ್ತದೆ. ನಾವು ಹೆಡ್‌ಸೆಟ್ ತೆಗೆದಿಟ್ಟು ಮಲಗಿದರೂ ಅದು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಎಲ್ಲ ಕೇಳಿಸಿಕೊಂಡು ನಾನು ಹೇಳಿದೆ: “ನಂಗೆ ಆ ಲೇಔಟ್ ಬೇಡ. ನಮ್ಮ ಪಾರ್ಕ್ ಇದ್ರೆ ಹೇಳಿ, ಬರ್ತೀನಿ.”

ಅವರು ಮಗಳಿಗೆ ಫೋನ್ ಮಾಡಿ, ಒಮ್ಮೆಗೇ ಸುತ್ತಲೂ ಸೆರೆಹಿಡಿಯುವ ಕ್ಯಾಮೆರಾ ತರಿಸಿಕೊಂಡರು. ಅವರೆಕಾಳು ಹಿತುಕಿದ ಆ ಸಂಜೆ ಅದನ್ನು ಎತ್ತಿಕೊಂಡು ಪಾರ್ಕಿಗೆ ಹೋದವರು, ತಲೆಯಲ್ಲಿ ಒಣ ಎಲೆ ಸಿಕ್ಕಿಸಿಕೊಂಡು ವಾಪಸ್ ಬಂದರು.

“ಎಲ್ಲಿ ಬಿದ್ರಿ?”

“ಬೀಳ್ಲಿಲ್ಲ. ಹೊಂಗೆ ಮರದ ಹಿಂದೆ ಬಚ್ಚಿಟ್ಕೊಂಡಿದ್ದೆ. ಈ ಕ್ಯಾಮೆರಾ ಎಲ್ಲಾ ಕಡೆ ನೋಡುತ್ತೆ ಕಣೇ. ಸ್ಟ್ಯಾಂಡ್ ಮೇಲೆ ಇಟ್ಟು ಓಡಿಹೋಗಿ ಅಡಗ್ಬೇಕು, ಇಲ್ದಿದ್ರೆ ತೆಗೆಯೋನೂ ಅದರಲ್ಲಿ ಸಿಕ್ಕಿಬೀಳ್ತಾನೆ.”

“ಬಿದ್ರೆ ಏನಾಯ್ತು?”

“ಕೆಲಸ ಅಂದ್ಮೇಲೆ ಅಚ್ಚುಕಟ್ಟಾಗಿರ್ಬೇಕು. ನನ್ನ ಒಂದು ಕೂದಲೂ ಕಾಣಲ್ಲ, ಬಾಜಿ ಕಟ್ತೀನಿ! ನಾಳೆ ತೋರಿಸ್ತೀನಿ ಇರು.”

ರಾತ್ರಿ ಹಿತಕಿದ ಬೇಳೆ ಸಾರಿನಲ್ಲಿ ಎರಡು ಮುದ್ದೆ ಉಂಡು ಮಲಗಿದರು. ಬೆಳಿಗ್ಗೆ ಏಳಲಿಲ್ಲ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಮಗಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, “ಅಮ್ಮ, ನೋಡ್ತೀಯಾ?” ಎಂದು ಕೇಳಿ ಹೆಡ್‌ಸೆಟ್ ಹಾಕಿದಳು.

ಮನೆ ಪೂರ್ತಿ ಮಾಯವಾಯಿತು. ನಾನು ಪಾರ್ಕಿನಲ್ಲಿದ್ದೆ. ಕಲ್ಲು ಬೆಂಚು ಕೈಗೆಟಕುವಷ್ಟು ಹತ್ತಿರವಿತ್ತು. ಮಕ್ಕಳು ಜಾರುಬಂಡೆಯ ಹತ್ತಿರ ಕಿರುಚಾಡುತ್ತಿದ್ದರು. ಗೇಟಿನ ಬಳಿ ಹೂ ಮಾರುವವಳು ಮಾಲೆ ಕಟ್ಟುತ್ತಾ ಯಾರನ್ನೋ ನೋಡಿ ನಗುತ್ತಿದ್ದಳು.

“ಏನ್ ಸಾರ್, ಈ ವಯಸ್ಸಲ್ಲಿ ಕಣ್ಣಾಮುಚ್ಚಾಲೆ! ಆಂಟಿಗೆ ಹೇಳ್ಲಾ?”

“ಶ್!” ಎಂದಿತು ಹಿಂದಿನಿಂದ ಅವರ ದನಿ.

ನಾನು ಕುತ್ತಿಗೆ ತಿರುಗಿಸಿದೆ. ಹೊಂಗೆ ಮರವಿತ್ತು. ದಪ್ಪ ಕಾಂಡ, ಅದರ ಬುಡದಲ್ಲಿ ಉದುರಿದ ಎಲೆ. ಬಗ್ಗಿ ನೋಡಿದೆ, ಬಲಕ್ಕೆ ವಾಲಿ ನೋಡಿದೆ. ಇದರಲ್ಲಿ ಸುತ್ತ ನೋಡಬಹುದೇ ಹೊರತು ಮರದ ಆಚೆಗೆ ಹೋಗಲಾಗುವುದಿಲ್ಲವಂತೆ, ಮಗಳು ಹೇಳಿದಳು.

ಬಾಜಿ ಅವರೇ ಗೆದ್ದಿದ್ದರು. ಈಗ ದಿನಾ ಸಂಜೆ ಅದನ್ನು ಹಾಕಿಕೊಂಡು ಕೂರುತ್ತೇನೆ. ಪಾರ್ಕು ಪೂರ್ತಿ ಇದೆ. ಅವರು ಇಲ್ಲ.